ಲೆಡ್ಜರು ಮುಚ್ಚಿದ ಮೇಲೆ

ಬ್ಯಾಂಕಿನ ಕೌಂಟರಿನ ಮುಂದೆ ನಿಂತವರಿಗೆ ಈಚಿನ ವರ್ಷಗಳಲ್ಲಿ ಚಿರಪರಿಚಿತವಾದ ಮಾತೊಂದಿದೆ: 'ಸಿಸ್ಟಮ್ ತಗೊಳ್ತಾ ಇಲ್ಲ.' ಮೂವತ್ತು ನಲವತ್ತು ವರ್ಷಗಳ ಹಿಂದೆ ಅದೇ ಕೌಂಟರಿನಲ್ಲಿ ಕೇಳಿಸುತ್ತಿದ್ದ ಮಾತು ಬೇರೆ: 'ಮ್ಯಾನೇಜರರನ್ನು ಒಮ್ಮೆ ಕಂಡು ಬನ್ನಿ.' ಎರಡೂ ನಮ್ಮನ್ನು ಕಾಯಿಸುವ ಮಾತುಗಳೇ. ಆದರೆ ಮೊದಲನೆಯದರ ಹಿಂದೆ ವಾದಿಸಲು ಯಾರೂ ಇಲ್ಲ. ಎರಡನೆಯದರ ಹಿಂದೆ ಒಬ್ಬ ಮನುಷ್ಯನಿದ್ದ. ಅವನು ಒಪ್ಪಬಹುದಿತ್ತು, ಗದರಬಹುದಿತ್ತು, ನಾಳೆ ಬನ್ನಿ ಎನ್ನಬಹುದಿತ್ತು. ಏನೇ ಅಂದರೂ ಅದು ಅವನ ಮಾತಾಗಿತ್ತು.

ಈ ಎರಡು ಮಾತುಗಳ ನಡುವೆ ಒಂದು ಚರಿತ್ರೆಯಿದೆ. ಯಂತ್ರ ಬಂತು, ಬ್ಯಾಂಕು ಬದಲಾಯಿತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ವಸ್ತುಸ್ಥಿತಿ ಅಷ್ಟು ಸರಳವಲ್ಲ. ಯಂತ್ರ ಬರುವುದಕ್ಕೂ ನಡವಳಿಕೆ ಬದಲಾಗುವುದಕ್ಕೂ ನಡುವೆ ಎರಡು ದಶಕಗಳ ಅಂತರವಿತ್ತು. ಆ ಅಂತರದಲ್ಲಿ ಒಂದು ತಲೆಮಾರು ಎದ್ದುಹೋಯಿತು, ಇನ್ನೊಂದು ತಲೆಮಾರು ಬಂದು ಕುಳಿತಿತು. ಎದ್ದುಹೋದವರು ಬಂದವರ ಕೈಗೆ ಏನನ್ನು ಒಪ್ಪಿಸಿದರು, ಏನನ್ನು ಒಪ್ಪಿಸಲಾಗಲಿಲ್ಲ ಎಂಬುದೇ ನಾವಿಲ್ಲಿ ಕೇಳಬೇಕಾದ ಪ್ರಶ್ನೆ.

ಮುಖ ನೋಡಿ ಕೊಟ್ಟ ಕಾಲ

ಈ ಪ್ರಶ್ನೆಯನ್ನು ಕೇಳಲು ನಮ್ಮ ಕರಾವಳಿಗಿಂತ ಸೂಕ್ತ ಜಾಗ ಇನ್ನೊಂದಿಲ್ಲ. ಅವಿಭಜಿತ ದಕ್ಷಿಣ ಕನ್ನಡ ಈ ದೇಶಕ್ಕೆ ಕೊಟ್ಟಷ್ಟು ಬ್ಯಾಂಕುಗಳನ್ನು ಬಹುಶಃ ಬೇರಾವ ಜಿಲ್ಲೆಯೂ ಕೊಟ್ಟಿಲ್ಲ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಊರಿನ ಇತರ ಹಿರಿಯರನ್ನು ಕೂಡಿಕೊಂಡು ಒಂದು ಬ್ಯಾಂಕನ್ನು ತೆರೆದರು. ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎಂದು ಹೆಸರಾದ ಆ ಸಂಸ್ಥೆಯ ಆರಂಭದ ಬಂಡವಾಳ 5000 ರೂಪಾಯಿ. ಮೊದಲ ದಿನದ ಕೊನೆಗೆ ಅದರ ಪೆಟ್ಟಿಗೆಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷದ ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ ನಿಧಿ ಕೆನರಾ ಬ್ಯಾಂಕ್ ಆಯಿತು. 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು.

ಈ ಬ್ಯಾಂಕುಗಳನ್ನು ಕಟ್ಟಿದವರಲ್ಲಿ ಸಮುದ್ರ ವ್ಯಾಪಾರಿಗಳಿದ್ದರು, ವಕೀಲರಿದ್ದರು, ವೈದ್ಯರಿದ್ದರು. ಹಾಜಿ ಅಬ್ದುಲ್ಲಾ ಸಾಹೇಬರ ಬ್ಯಾಂಕಿಗೆ ಎಲ್ಲ ಜಾತಿ ಧರ್ಮದವರೂ ಹಣ ತಂದಿಟ್ಟರು. ಅವರು ನಂಬಿದ್ದು ಕಾಗದವನ್ನಲ್ಲ, ಮನುಷ್ಯನನ್ನು. ಬ್ಯಾಂಕು ಕೂಡಾ ಸಾಲಗಾರನ ಕಾಗದಕ್ಕಿಂತ ಮೊದಲು ಅವನ ಮುಖವನ್ನು ನೋಡುತ್ತಿತ್ತು. ಅವನ ತಂದೆ ಯಾರು, ಅಂಗಡಿ ಎಲ್ಲಿ, ಕೊಟ್ಟ ಮಾತನ್ನು ಉಳಿಸಿಕೊಳ್ಳುವವನೇ ಎಂಬುದು ಶಾಖೆಯಲ್ಲಿ ಎಲ್ಲರಿಗೂ ಗೊತ್ತಿರುತ್ತಿತ್ತು.

ಇದರ ತುತ್ತತುದಿ ಎಂದರೆ ಪಿಗ್ಮಿ. 1928ರಲ್ಲಿ ಡಾ. ಟಿ.ಎಂ.ಎ. ಪೈಗಳ ಬ್ಯಾಂಕು ಈ ಯೋಜನೆಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಉಳಿಸಬಲ್ಲವನು ಬ್ಯಾಂಕಿಗೆ ಬರಬೇಕಿಲ್ಲ, ಬ್ಯಾಂಕೇ ಅವನ ಬಾಗಿಲಿಗೆ ಬರುತ್ತದೆ. ಚೀಲ ನೇತುಹಾಕಿಕೊಂಡ ಸಂಗ್ರಾಹಕ ಮೀನು ಮಾರುವ ಹೆಂಗಸಿನ ಬಳಿ, ನೇಕಾರನ ಮಗ್ಗದ ಬಳಿ, ಬೀಡಾ ಅಂಗಡಿಯ ಬಳಿ ನಿತ್ಯವೂ ನಿಂತ. ಯಾರ ಮನೆಯಲ್ಲಿ ಮದುವೆ, ಯಾರ ಮಗನಿಗೆ ಕೆಲಸ ಹೋಯಿತು, ಯಾರು ಮೂರು ದಿನದಿಂದ ಅಂಗಡಿ ತೆರೆದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಶಾಖೆಗೆ ಅದು ಅವನಿಂದ ಗೊತ್ತಾಗುತ್ತಿತ್ತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವನೇ ಬ್ಯಾಂಕಿನ ಮಾಹಿತಿ ಜಾಲ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಮುಖ ನೋಡಿ ಕೊಡುವ ವ್ಯವಸ್ಥೆ ಮುಖ ನೋಡಿಯೇ ನಿರಾಕರಿಸುತ್ತದೆ ಕೂಡಾ. ಪರಿಚಯವಿದ್ದವನಿಗೆ ಅದು ಸುಲಭ, ಪರಿಚಯವಿಲ್ಲದ ಕೂಲಿಯವನಿಗೆ, ದಲಿತನಿಗೆ, ಒಂಟಿ ಹೆಂಗಸಿಗೆ ಅದು ಎತ್ತರದ ಮೆಟ್ಟಿಲು. ಕೆಲವು ಬ್ಯಾಂಕುಗಳು ಮುಸ್ಲಿಮರು ಹೆಚ್ಚಾಗಿರುವ ಪ್ರದೇಶಗಳನ್ನು 'ನಕಾರಾತ್ಮಕ ವಲಯ'ಗಳೆಂದು ಗುರುತಿಸಿ ಸಾಲ ಕೊಡಲು ಹಿಂಜರಿಯುತ್ತಿದ್ದುದನ್ನು 2006ರ ಸಾಚಾರ್ ಸಮಿತಿಯ ವರದಿ ದಾಖಲಿಸಿತು. ಆದ್ದರಿಂದ ಹಳೆಯದೆಲ್ಲ ಚಿನ್ನ ಎನ್ನುವ ಹಾಡನ್ನು ನಾವಿಲ್ಲಿ ಹಾಡುತ್ತಿಲ್ಲ.

ಲೆಡ್ಜರಿನ ಶಿಸ್ತು

1969ರ ಜುಲೈ 19ರಂದು 14 ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಅವುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಎರಡೂ ಇದ್ದವು. 1980ರ ಎರಡನೆಯ ಸುತ್ತಿನಲ್ಲಿ ಕಾರ್ಪೊರೇಶನ್ ಬ್ಯಾಂಕು, ವಿಜಯಾ ಬ್ಯಾಂಕು ಸೇರಿಕೊಂಡವು. 1969ರಲ್ಲಿ ಇಡೀ ದೇಶದಲ್ಲಿದ್ದ ಬ್ಯಾಂಕ್ ಶಾಖೆಗಳು 8262. 1990ರ ಹೊತ್ತಿಗೆ ಅವು 60 ಸಾವಿರದ ಹತ್ತಿರ ಬಂದಿದ್ದವು. ಹಳ್ಳಿ ಹಳ್ಳಿಗೆ ಶಾಖೆ ಬಂತು, ಶಾಖೆಗೆ ಗುಮಾಸ್ತರು ಬಂದರು. ಬಿ.ಎ., ಬಿ.ಕಾಂ. ಓದಿದ ಮಧ್ಯಮ ವರ್ಗದ ಹುಡುಗ ಹುಡುಗಿಯರಿಗೆ ಬ್ಯಾಂಕಿನ ಕೆಲಸವೆಂದರೆ ಜೀವನದ ಭದ್ರತೆ. ಈ ಲೇಖನದ ಮೊದಲ ತಲೆಮಾರು ಇವರದು.

ಇವರ ಲೋಕದ ಕೇಂದ್ರ ಲೆಡ್ಜರು. ಎತ್ತಲು ಎರಡು ಕೈ ಬೇಕಾದ, ಬಟ್ಟೆಯ ಹೊದಿಕೆಯ ದಪ್ಪ ಪುಸ್ತಕ. ಗ್ರಾಹಕ ಚೆಕ್ಕು ಕೊಟ್ಟು ಹಿತ್ತಾಳೆಯ ಟೋಕನ್ ಪಡೆದು ಬೆಂಚಿನ ಮೇಲೆ ಕೂರುತ್ತಿದ್ದ. ಚೆಕ್ಕು ಲೆಡ್ಜರಿನ ಗುಮಾಸ್ತನ ಬಳಿ ಹೋಗಿ, ಪುಟದಲ್ಲಿ ಖರ್ಚು ಬಿದ್ದು, ಅಧಿಕಾರಿಯ ಮೇಜಿಗೆ ಬಂದು, ಸಹಿಯ ಮಾದರಿಯೊಡನೆ ತಾಳೆಯಾಗಿ, ಕ್ಯಾಷಿಯರನ ಕೈಗೆ ಬರಬೇಕು. ಅರ್ಧ ಗಂಟೆ ಹಿಡಿದರೆ ಬೇಗ ಆಯಿತೆಂದೇ ಲೆಕ್ಕ.

ಈ ನಿಧಾನದೊಳಗೆ ಒಂದು ಶಿಸ್ತಿತ್ತು. ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡಲೇಬೇಕು. ಸಂಜೆ ಜಮೆ ಖರ್ಚು ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿಲ್ಲ. ತಿಂಗಳಿಗೊಮ್ಮೆ ಖಾತೆಗಳ ಶಿಲ್ಕನ್ನೆಲ್ಲ ಕೂಡಿ ಸಾಮಾನ್ಯ ಲೆಡ್ಜರಿನ ಮೊತ್ತದೊಡನೆ ಹೊಂದಿಸಬೇಕು. ಹೊಂದದಿದ್ದರೆ ವ್ಯತ್ಯಾಸವನ್ನು ಬೇಟೆಯಾಡಬೇಕು. ಈ ಬೇಟೆಗೆ ಹಿರಿಯ ಗುಮಾಸ್ತರಲ್ಲಿ ಉಪಾಯಗಳಿದ್ದವು. ವ್ಯತ್ಯಾಸ 9ರಿಂದ ಸರಿಯಾಗಿ ಭಾಗವಾದರೆ ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು: 54 ಬರೆಯುವಲ್ಲಿ 45 ಬರೆದರೆ ವ್ಯತ್ಯಾಸ 9. ವ್ಯತ್ಯಾಸದ ಅರ್ಧಕ್ಕೆ ಸಮನಾದ ಮೊತ್ತ ಎಲ್ಲಾದರೂ ಕಂಡರೆ ಜಮೆಯನ್ನು ಖರ್ಚಿನ ಕಡೆಗೆ ಬರೆದಿರಬಹುದು. ಇದು ಯಾವ ಕಾಲೇಜಿನಲ್ಲೂ ಕಲಿಸದ ವಿದ್ಯೆ. ಪಕ್ಕದ ಕುರ್ಚಿಯವನಿಂದ ಪಕ್ಕದ ಕುರ್ಚಿಯವನಿಗೆ ಬರುತ್ತಿತ್ತು.

ಆದ್ದರಿಂದಲೇ ಶಾಖೆಯಲ್ಲಿ ವಯಸ್ಸಿಗೆ ಬೆಲೆಯಿತ್ತು. ಹುದ್ದೆಯಲ್ಲಿ ಗುಮಾಸ್ತನೇ ಆದರೂ ಇಪ್ಪತ್ತು ವರ್ಷ ಲೆಡ್ಜರು ತಿರುವಿದವನ ಮಾತನ್ನು ಹೊಸ ಮ್ಯಾನೇಜರ್ ಕೇಳಲೇಬೇಕಿತ್ತು. ಅರ್ಧ ವಾರ್ಷಿಕ ಬಡ್ಡಿ ಲೆಕ್ಕದ ದಿನಗಳಲ್ಲಿ ತಡರಾತ್ರಿಯವರೆಗೆ ಎಲ್ಲರೂ ಕೂತು, ತಿಂಡಿ ತರಿಸಿಕೊಂಡು, ಒಬ್ಬ ಓದಿ ಇನ್ನೊಬ್ಬ ಬರೆದು ಮುಗಿಸುತ್ತಿದ್ದರು. ಜಗಳವೂ ಅಲ್ಲೇ, ಗೆಳೆತನವೂ ಅಲ್ಲೇ, ಸಂಘದ ಚಂದಾ ವಸೂಲಿಯೂ ಅಲ್ಲೇ.

ಹಾಗೆಂದು ಈ ವ್ಯವಸ್ಥೆ ತನ್ನ ಭಾರಕ್ಕೆ ತಾನೇ ಕುಸಿಯುತ್ತಿತ್ತು ಎಂಬುದೂ ನಿಜ. ಶಾಖೆಗಳು ಏಳು ಪಟ್ಟು ಹೆಚ್ಚಿದಾಗ ಕಾಗದವೂ ಹೆಚ್ಚಿತು. ಲೆಡ್ಜರುಗಳ ತಾಳೆ ತಿಂಗಳುಗಟ್ಟಲೆ ಬಾಕಿ ಬಿತ್ತು. ಶಾಖೆ ಶಾಖೆಗಳ ನಡುವಣ ಲೆಕ್ಕ ಹೊಂದದೆ ಉಳಿಯಿತು, ಆ ಸಂದಿನಲ್ಲಿ ವಂಚನೆಗಳು ಹುಟ್ಟಿದವು. 1992ರಲ್ಲಿ ಬಯಲಾದ ಷೇರು ಹಗರಣಕ್ಕೆ ದಾರಿ ಮಾಡಿಕೊಟ್ಟ ಕಾರಣಗಳಲ್ಲಿ ಸರಕಾರಿ ಸಾಲಪತ್ರಗಳ ಲೆಕ್ಕವನ್ನು ಕೈಯಿಂದ ಬರೆದಿಡುವ ನಿಧಾನ ಪದ್ಧತಿಯೂ ಒಂದಾಗಿತ್ತು. ಯಂತ್ರ ಬೇಕೆಂದವರು ಬರಿಯ ಮಾಲಕರ ಪಕ್ಷದವರಾಗಿರಲಿಲ್ಲ.

ಯಂತ್ರದ ಎದುರು ಕಾವಲು

ಆದರೆ ಯಂತ್ರದ ಭಯ ಬ್ಯಾಂಕಿಗಿಂತ ಮೊದಲು ವಿಮೆಯಲ್ಲಿ ಕಾಣಿಸಿಕೊಂಡಿತ್ತು. 1960ರ ದಶಕದ ನಡುವಿನಲ್ಲಿ ಜೀವ ವಿಮಾ ನಿಗಮ ಕಲ್ಕತ್ತೆಯಲ್ಲಿ ಕಂಪ್ಯೂಟರ್ ಸ್ಥಾಪಿಸಲು ಹೊರಟಾಗ ನೌಕರರು ಇಲಾಕೋ ಹೌಸ್ ಎಂಬ ಕಟ್ಟಡದ ಮುಂದೆ ಹಗಲು ರಾತ್ರಿ ಕಾವಲು ಕೂತರು. ಯಂತ್ರ ಒಳಗೆ ಹೋಗದಂತೆ ತಡೆಯುವುದೇ ಆ ಕಾವಲಿನ ಉದ್ದೇಶ. ಇಂದಿನ ಹುಡುಗರಿಗೆ ಇದು ನಗೆಯ ಸಂಗತಿಯಾಗಿ ಕಾಣಬಹುದು. ಆದರೆ ನಿರುದ್ಯೋಗ ಬಾಗಿಲಲ್ಲಿ ನಿಂತಿದ್ದ ಕಾಲವದು. ಒಂದು ಯಂತ್ರ ನೂರು ಮಂದಿಯ ಕೆಲಸ ಮಾಡುತ್ತದೆ ಎಂದು ಮಾರುವವರೇ ಹೆಮ್ಮೆಯಿಂದ ಹೇಳುತ್ತಿದ್ದಾಗ, ಆ ನೂರು ಮಂದಿ ಭಯಪಟ್ಟದ್ದರಲ್ಲಿ ಮೂರ್ಖತನವೇನಿತ್ತು? ಯಾಂತ್ರೀಕರಣದ ಪ್ರಶ್ನೆಯನ್ನು ಪರಿಶೀಲಿಸಲು ಸರಕಾರ ಅರ್ಥಶಾಸ್ತ್ರಜ್ಞ ವಿ.ಎಂ. ದಾಂಡೇಕರ್ ಅವರ ನೇತೃತ್ವದಲ್ಲಿ ಸಮಿತಿಯನ್ನೇ ನೇಮಿಸಬೇಕಾಯಿತು. ಅದರ ವರದಿ ಬಂದದ್ದು 1972ರಲ್ಲಿ.

ಬ್ಯಾಂಕುಗಳಲ್ಲಿ ಬಾಗಿಲು ತೆರೆದದ್ದು ಮಾತುಕತೆಯ ಮೂಲಕ. 1983ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳ ಆಡಳಿತಕ್ಕೂ ನೌಕರರ ಸಂಘಗಳಿಗೂ ಯಾಂತ್ರೀಕರಣದ ಬಗ್ಗೆ ಮೊದಲ ಒಪ್ಪಂದವಾಯಿತು. ಮರುವರ್ಷ ರಂಗರಾಜನ್ ಸಮಿತಿಯ ವರದಿ ಬಂತು. 1987 ಮತ್ತು 1993ರಲ್ಲಿ ಮತ್ತೆ ಒಪ್ಪಂದಗಳಾದವು. ಮೊದಲು ಶಾಖೆಗಳಿಗೆ ಬಂದ ಪೆಟ್ಟಿಗೆಯ ಹೆಸರಿನಲ್ಲಿ 'ಕಂಪ್ಯೂಟರ್' ಎಂಬ ಶಬ್ದವೇ ಇರಲಿಲ್ಲ. ಅದು 'ಸುಧಾರಿತ ಲೆಡ್ಜರ್ ಪೋಸ್ಟಿಂಗ್ ಯಂತ್ರ'. ಹೆಸರನ್ನು ತಪ್ಪಿಸಿದರೆ ಭಯವೂ ತಪ್ಪೀತು ಎಂಬ ಜಾಣತನ ಎರಡೂ ಕಡೆಯಲ್ಲಿತ್ತು.

ಈ ಒಪ್ಪಂದಗಳು ಚೌಕಾಸಿಯ ಒಳ್ಳೆಯ ಮಾದರಿಗಳು. ಎಂತಹ ಯಂತ್ರ, ಎಷ್ಟು ಶಾಖೆಗಳಲ್ಲಿ, ಯಾವ ಕೆಲಸಕ್ಕೆ, ಅದನ್ನು ನಡೆಸುವವನಿಗೆ ಎಷ್ಟು ಭತ್ಯೆ ಎಂಬುದನ್ನೆಲ್ಲ ಅವು ನಿಗದಿಪಡಿಸಿದವು. ನೌಕರರನ್ನು ಬೀದಿಗೆ ಹಾಕದೆ ಯಂತ್ರವನ್ನು ಒಳಗೆ ತಂದದ್ದು ಸಣ್ಣ ಸಾಧನೆಯೇನಲ್ಲ. ಆದರೆ ಎರಡೂ ಪಕ್ಷಗಳು ಯಂತ್ರವನ್ನು ಎಣಿಸಿದವು, ತಲೆಗಳನ್ನು ಎಣಿಸಿದವು. ಆ ತಲೆಗಳೊಳಗೆ ಇದ್ದದ್ದನ್ನು ಯಾರೂ ಎಣಿಸಲಿಲ್ಲ. ಲೆಡ್ಜರಿನ ಜೊತೆಗೆ ಅದನ್ನು ತಿರುವಿದವನ ಅರಿವೂ ಹೋಗುತ್ತದೆ, ಅದನ್ನು ಯಾರಿಗೆ ಹೇಗೆ ದಾಟಿಸಬೇಕು ಎಂಬ ಪ್ರಶ್ನೆ ಯಾವ ಮೇಜಿನ ಮೇಲೂ ಬರಲಿಲ್ಲ.

ಗಾಜಿನ ಕೋಣೆ

ಯಂತ್ರ ಬಂದ ಮೊದಲ ದಿನಗಳನ್ನು ನೆನಪಿಸಿಕೊಳ್ಳಿ. ಅದಕ್ಕೊಂದು ಗಾಜಿನ ಕೋಣೆ, ಕೋಣೆಗೆ ತಂಪು ಹವೆ. ಒಳಗೆ ಹೋಗುವವರು ಚಪ್ಪಲಿ ಕಳಚಿಡಬೇಕು. ಮೂವತ್ತು ವರ್ಷ ಬೆವರು ಒರೆಸಿಕೊಂಡು ದುಡಿದ ಗುಮಾಸ್ತನಿಗೆ ಸಿಗದ ತಂಪು ಯಂತ್ರಕ್ಕೆ ಬಂದ ದಿನವೇ ಸಿಕ್ಕಿತು. ದೇವರ ಗುಡಿಗೋ ಮಸೀದಿಗೋ ಹೋಗುವಾಗ ಇರುವ ಮರ್ಯಾದೆ ಅದಕ್ಕೆ.

ಆ ಕೋಣೆಯೊಳಗೆ ಹೋದವರು ಹೆಚ್ಚಾಗಿ ಕಿರಿಯರು. ಅವರಿಗೆ ತರಬೇತಿ, ಅವರಿಗೆ ವಿಶೇಷ ಭತ್ಯೆ. ಹಿರಿಯರು ಹೊರಗೆ ಉಳಿದರು. ಕೆಲವರು ಕಲಿತರು, ಬಹಳ ಚೆನ್ನಾಗಿ ಕಲಿತರು. ಕೆಲವರು 'ನಮಗೆ ಇನ್ನೆಷ್ಟು ವರ್ಷ' ಎಂದು ಪೆನ್ನಿಗೇ ಅಂಟಿಕೊಂಡರು. ಮೊದಲ ವರ್ಷಗಳಲ್ಲಿ ಯಂತ್ರದಲ್ಲೂ ಬರೆದು ಲೆಡ್ಜರಿನಲ್ಲೂ ಬರೆದು ಎರಡನ್ನೂ ತಾಳೆ ನೋಡುವ ಪದ್ಧತಿಯಿತ್ತು. ಕಲಿಸುವವರು ಕಲಿಯುವವರು ಒಟ್ಟಿಗೆ ಕೂತು ಮಾತಾಡಲು ಅದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದು ಬರಲಿಲ್ಲ. ಆದರೆ ಅದನ್ನು ಎರಡು ಪಟ್ಟು ಕೆಲಸವೆಂದಷ್ಟೇ ಎಲ್ಲರೂ ಕಂಡರು.

ಇಲ್ಲಿಂದ ಶಾಖೆಯೊಳಗಿನ ಗೌರವದ ದಿಕ್ಕು ತಿರುಗಿತು. ಇದುವರೆಗೆ ಕಿರಿಯ ಹಿರಿಯನ ಮೇಜಿಗೆ ಹೋಗಿ ಕೇಳುತ್ತಿದ್ದ. ಈಗ ಹಿರಿಯ ಅಧಿಕಾರಿ ಕಿರಿಯನ ಹಿಂದೆ ನಿಂತು 'ಇದನ್ನು ಸ್ವಲ್ಪ ಮಾಡಿಕೊಡು' ಎನ್ನಬೇಕಾಯಿತು. ಈ ಸಂಕೋಚದಿಂದ ಒಂದು ಕೆಟ್ಟ ಅಭ್ಯಾಸವೂ ಹುಟ್ಟಿತು. ತನ್ನ ಪಾಸ್‌ವರ್ಡನ್ನು ಕಿರಿಯನಿಗೆ ಹೇಳಿ 'ನೀನೇ ಹಾಕಿಬಿಡು' ಎನ್ನುವುದು. ಅವನಿಗೆ ಇದು ಪಕ್ಕದವನಿಗೆ ಬೀಗದ ಕೈ ಕೊಟ್ಟಷ್ಟೇ ಸಹಜವಾಗಿತ್ತು. ಮುಖ ನೋಡಿ ನಂಬಿದ ತಲೆಮಾರಿನವನಲ್ಲವೇ?

ಒಂದು ಲಕ್ಷ ಮಂದಿ ಎದ್ದುಹೋದಾಗ

1998ರಲ್ಲಿ ಆಗಿನ ಕೇಂದ್ರ ಜಾಗೃತ ಆಯುಕ್ತ ಎನ್. ವಿಠ್ಠಲ್ ಸರಕಾರಿ ಬ್ಯಾಂಕುಗಳಿಗೆ ಒಂದು ಗಡುವು ಕೊಟ್ಟರು. 2001ರ ಜನವರಿ 1ರೊಳಗೆ ವ್ಯವಹಾರದ ಶೇಕಡಾ 70ರಷ್ಟು ಕಂಪ್ಯೂಟರಿನಲ್ಲಿ ನಡೆಯಬೇಕು. ಭ್ರಷ್ಟಾಚಾರ ತಡೆಯುವ ದೃಷ್ಟಿಯಿಂದ ಬಂದ ಆದೇಶವದು. ಅದರ ಬೆನ್ನಿಗೇ ಇನ್ನೊಂದು ಬಂತು. 2000-01ರಲ್ಲಿ ಸರಕಾರಿ ಬ್ಯಾಂಕುಗಳು ಸ್ವಯಂನಿವೃತ್ತಿ ಯೋಜನೆಯನ್ನು ತಂದವು. 15 ವರ್ಷ ಸೇವೆ ಮಾಡಿದವರು ಅಥವಾ 40 ವರ್ಷ ವಯಸ್ಸಾದವರು ಅರ್ಜಿ ಹಾಕಬಹುದಿತ್ತು. ಕೆಲವೇ ತಿಂಗಳುಗಳಲ್ಲಿ ಸುಮಾರು ಒಂದು ಲಕ್ಷ ಮಂದಿ ಎದ್ದುಹೋದರು. ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು.

ಇಲಾಕೋ ಹೌಸ್ ಮುಂದೆ ಕಾವಲು ಕೂತವರ ಭಯ ಹೀಗೆ ಮೂರು ದಶಕ ತಡವಾಗಿ, ಬೇರೆಯೇ ವೇಷದಲ್ಲಿ ನಿಜವಾಯಿತು. ಯಾರನ್ನೂ ಹೊರದಬ್ಬಲಿಲ್ಲ. ಹಾರ ಹಾಕಿ, ಶಾಲು ಹೊದಿಸಿ, ಕೈತುಂಬ ಹಣ ಕೊಟ್ಟು ಕಳಿಸಿದರು. ಹೋದವರೂ ಹೆಚ್ಚಿನವರು ಸಂತೋಷದಿಂದಲೇ ಹೋದರು. ಆದರೆ ಅನುಭವವಿದ್ದವರು ಮೊದಲು ಹೋದರು. ಯಾರ ತಲೆಯಲ್ಲಿ ಏನಿದೆ ಎಂದು ಕೇಳಿ ಬರೆದಿಟ್ಟುಕೊಳ್ಳುವ ವ್ಯವಧಾನ ಯಾರಿಗಿತ್ತು?

2001ರಲ್ಲಿ ಬ್ಯಾಂಕ್ ನೇಮಕಾತಿ ಮಂಡಳಿಗಳನ್ನು ಮುಚ್ಚಲಾಯಿತು. ಕೆಲವು ವರ್ಷ ಹೊಸ ನೇಮಕಾತಿ ತೀರಾ ವಿರಳವಾಯಿತು. ಆ ನಡುವೆ ಕೋರ್ ಬ್ಯಾಂಕಿಂಗ್ ಬಂತು. ಅದುವರೆಗೆ ಶಾಖೆಯ ಲೆಕ್ಕ ಶಾಖೆಯಲ್ಲಿತ್ತು, ಈಗ ಎಲ್ಲ ಖಾತೆಗಳೂ ಒಂದು ಕೇಂದ್ರಕ್ಕೆ ಹೋದವು. ಬೆಂಗಳೂರಿನ ಇನ್ಫೋಸಿಸ್ ತಯಾರಿಸಿದ ಫಿನಾಕಲ್ ಎಂಬ ತಂತ್ರಾಂಶ ದೇಶದ ಹಲವು ಬ್ಯಾಂಕುಗಳ ಲೆಡ್ಜರಾಯಿತು. ಗ್ರಾಹಕನಿಗೆ ಇದು ದೊಡ್ಡ ಬಿಡುಗಡೆ. ಉಡುಪಿಯ ಖಾತೆಯ ಹಣವನ್ನು ಮುಂಬಯಿಯಲ್ಲಿ ತೆಗೆಯಬಹುದು. ಎಟಿಎಂ ಯಾರ ಮಗ ಎಂದು ಕೇಳುವುದಿಲ್ಲ, ಬಟ್ಟೆ ನೋಡುವುದಿಲ್ಲ, ಹೆಸರು ಕೇಳಿ ಹುಬ್ಬೇರಿಸುವುದಿಲ್ಲ. ಕೌಂಟರಿನ ಮುಂದೆ ಅಳುಕಿ ನಿಂತವರಿಗೆ ಯಂತ್ರದ ಈ ಸಮಾನತೆ ಸಣ್ಣದಲ್ಲ.

ಆದರೆ ಇದರಿಂದ ಶಾಖೆಯ ಸ್ವರೂಪವೇ ಬದಲಾಯಿತು. 'ನಮ್ಮ ಶಾಖೆಯ ಗ್ರಾಹಕ' ಎಂಬುದು ಹೋಗಿ 'ಬ್ಯಾಂಕಿನ ಗ್ರಾಹಕ' ಆಯಿತು. ಬಡ್ಡಿಯನ್ನು ಯಂತ್ರ ಲೆಕ್ಕ ಹಾಕುತ್ತದೆ, ದಂಡವನ್ನು ಯಂತ್ರ ಹಾಕುತ್ತದೆ, ಖಾತೆಯನ್ನು ಯಂತ್ರ ಸ್ಥಗಿತಗೊಳಿಸುತ್ತದೆ. ಮ್ಯಾನೇಜರನ ಕೈಯಲ್ಲಿ ಉಳಿದದ್ದು ಗುರಿಗಳ ಪಟ್ಟಿ. ಈ ತಿಂಗಳು ಎಷ್ಟು ವಿಮೆ, ಎಷ್ಟು ಕಾರ್ಡು, ಎಷ್ಟು ಖಾತೆ. ಸಾಲ ಕೇಳಲು ಬಂದವನ ಕತೆ ಕೇಳಲು ಅವನಿಗೆ ಪುರಸೊತ್ತೂ ಇಲ್ಲ, ಕೇಳಿದರೂ ಅಧಿಕಾರವಿಲ್ಲ.

2010ರಲ್ಲಿ ಖಂಡೇಲ್ವಾಲ್ ಸಮಿತಿ ಸರಕಾರಿ ಬ್ಯಾಂಕುಗಳ ಮಾನವ ಸಂಪನ್ಮೂಲದ ಬಗ್ಗೆ ವರದಿ ಕೊಟ್ಟು, ರಾಷ್ಟ್ರೀಕರಣದ ನಂತರ ಸೇರಿದವರು ದೊಡ್ಡ ಸಂಖ್ಯೆಯಲ್ಲಿ ನಿವೃತ್ತರಾಗುವ ಕಾಲ ಬಂದಿದೆ ಎಂದು ಎಚ್ಚರಿಸಿತು. 2011ರಿಂದ ಐಬಿಪಿಎಸ್ ನಡೆಸುವ ಸಾಮಾನ್ಯ ಪರೀಕ್ಷೆಯ ಮೂಲಕ ಹೊಸ ತಲೆಮಾರು ಬಂತು. ಅವರಲ್ಲಿ ಇಂಜಿನಿಯರುಗಳಿದ್ದರು, ಎಂಬಿಎ ಮಾಡಿದವರಿದ್ದರು. ಒಂದೇ ಶಾಖೆಯಲ್ಲಿ ಐವತ್ತೆಂಟರ ಒಬ್ಬರು, ಇಪ್ಪತ್ತನಾಲ್ಕರ ಒಬ್ಬರು. ನಡುವೆ ಇರಬೇಕಾದ ನಲವತ್ತರವರು ತೀರಾ ಕಡಿಮೆ. ಮನೆಯಲ್ಲಿ ಅಜ್ಜನೂ ಮೊಮ್ಮಗನೂ ಇದ್ದು ತಂದೆಯೇ ಇಲ್ಲದಂತೆ. ಅಜ್ಜನ ಭಾಷೆಯನ್ನು ಮೊಮ್ಮಗನಿಗೆ ತಿಳಿಸಿ ಹೇಳುವವರಾರು?

ಭಾಷೆ ಎಂಬುದು ಇಲ್ಲಿ ಬರಿಯ ಅಲಂಕಾರದ ಮಾತಲ್ಲ. ಅಧಿಕಾರಿಗಳ ನೇಮಕಾತಿ ಇಡೀ ದೇಶಕ್ಕೆ ಒಂದೇ. ದೂರದ ರಾಜ್ಯದಿಂದ ಬಂದ ಯುವಕ ಕರ್ನಾಟಕದ ಹಳ್ಳಿಯ ಶಾಖೆಯಲ್ಲಿ ಕೂತು ಕನ್ನಡ ಕಲಿಯುವಷ್ಟರಲ್ಲಿ ವರ್ಗವಾಗಿ ಹೋಗುತ್ತಾನೆ. ತಪ್ಪು ಅವನೊಬ್ಬನದಲ್ಲ. ಅವನನ್ನು ಕಳಿಸಿದ ವ್ಯವಸ್ಥೆ, ಯಂತ್ರಕ್ಕೆ ಎಲ್ಲ ಊರೂ ಒಂದೇ ಆದ್ದರಿಂದ ನೌಕರನಿಗೂ ಒಂದೇ ಎಂದು ಭಾವಿಸಿದೆ. ತಮ್ಮ ದುಃಖವನ್ನು ತಮ್ಮ ಮಾತಿನಲ್ಲಿ ಹೇಳಲು ಬಂದ ಮುದುಕಿಗೂ ಅವನಿಗೂ ನಡುವೆ ಉಳಿದಿರುವ ಏಕೈಕ ದುಭಾಷಿ ಎಂದರೆ ಕಂಪ್ಯೂಟರಿನ ಪರದೆ.

ಹೊಸ ಯಂತ್ರ, ಹಳೆಯ ಅಭ್ಯಾಸ

ಎರಡು ತಲೆಮಾರುಗಳ ನಡುವಣ ಈ ಸಂದು ಎಷ್ಟು ಆಳವಾಗಿತ್ತೆಂಬುದು 2018ರ ಫೆಬ್ರವರಿಯಲ್ಲಿ ದೇಶಕ್ಕೇ ತಿಳಿಯಿತು. ಮುಂಬಯಿಯ ಬ್ರಾಡಿ ಹೌಸ್‌ನಲ್ಲಿದ್ದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಶಾಖೆಯಿಂದ ವಜ್ರ ವ್ಯಾಪಾರಿಗಳಿಗೆ ವರ್ಷಗಟ್ಟಲೆ ಸುಳ್ಳು ಖಾತರಿಪತ್ರಗಳು ಹೋಗಿದ್ದವು. ಹಗರಣದ ಮೊತ್ತ 13 ಸಾವಿರ ಕೋಟಿ ರೂಪಾಯಿಯನ್ನು ದಾಟಿತು.

ಇದು ಹೇಗೆ ಸಾಧ್ಯವಾಯಿತು? ವಿದೇಶದ ಬ್ಯಾಂಕುಗಳಿಗೆ ಸಂದೇಶ ಕಳಿಸುವ ಸ್ವಿಫ್ಟ್ ಎಂಬ ವ್ಯವಸ್ಥೆ ಒಂದು, ಬ್ಯಾಂಕಿನ ಲೆಕ್ಕವಿಡುವ ಕೋರ್ ಬ್ಯಾಂಕಿಂಗ್ ಇನ್ನೊಂದು. ಎರಡನ್ನೂ ಜೋಡಿಸಿರಲಿಲ್ಲ. ಸ್ವಿಫ್ಟ್‌ನಲ್ಲಿ ಕಳಿಸಿದ್ದನ್ನು ಲೆಕ್ಕದಲ್ಲಿ ಬರೆಯದೆ ಬಿಟ್ಟರೆ ಯಂತ್ರಕ್ಕೆ ಗೊತ್ತಾಗುತ್ತಿರಲಿಲ್ಲ. ಜೋಡಿಸಿ ಎಂದು ರಿಸರ್ವ್ ಬ್ಯಾಂಕು 2016ರಿಂದ ಮೂರು ಬಾರಿಯಾದರೂ ಎಚ್ಚರಿಸಿತ್ತು. ವರ್ಗಾವಣೆಯ ನಿಯಮವನ್ನು ಮೀರಿ ಒಬ್ಬ ಅಧಿಕಾರಿ ಅದೇ ಕುರ್ಚಿಯಲ್ಲಿ ವರ್ಷಗಟ್ಟಲೆ ಉಳಿದಿದ್ದ. ಅವನು ನಿವೃತ್ತನಾಗಿ, ಹೊಸಬರು ಬಂದು, ಹಿಂದಿನ ಕಾಗದ ಎಲ್ಲಿ ಎಂದು ಕೇಳಿದಾಗಲೇ ಗುಟ್ಟು ಹೊರಬಿತ್ತು.

ಇಲ್ಲಿ ಯಂತ್ರ ಸೋತಿತೇ, ಮನುಷ್ಯ ಸೋತನೇ? ಲೆಡ್ಜರಿನ ಕಾಲದಲ್ಲಿ ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡುತ್ತಿದ್ದ, ಸಂಜೆ ಎಲ್ಲವನ್ನೂ ತಾಳೆ ಹಾಕುತ್ತಿದ್ದರು. ಯಂತ್ರ ಬಂದ ಮೇಲೆ ತಾಳೆಯನ್ನು ಅದೇ ನೋಡಿಕೊಳ್ಳುತ್ತದೆ ಎಂದು ಮನುಷ್ಯ ನೋಡುವುದನ್ನು ಬಿಟ್ಟ. ಪಕ್ಕದವನ ಮೇಲಿನ ಹಳೆಯ ವಿಶ್ವಾಸ ಉಳಿಯಿತು, ಆ ವಿಶ್ವಾಸವನ್ನು ಹತೋಟಿಯಲ್ಲಿಟ್ಟಿದ್ದ ಹಳೆಯ ಶಿಸ್ತು ಹೋಯಿತು. ಹಳಬರಿಂದ ಪಡೆಯಬೇಕಾದದ್ದನ್ನು ಬಿಟ್ಟು ಬಿಡಬೇಕಾದದ್ದನ್ನು ಪಡೆದಂತಾಯಿತು.

ಚೀಲದವನು ಮತ್ತು ಹೆಬ್ಬೆಟ್ಟು

ಈ ಬದಲಾವಣೆಯ ನಡುವೆ ಪಿಗ್ಮಿಯ ಚೀಲದವನು ಏನಾದ? ಅವನು ಬ್ಯಾಂಕಿನ ನೌಕರನೇ ಅಲ್ಲ, ಕಮಿಷನ್ ಏಜೆಂಟ್ ಎಂದು ಬ್ಯಾಂಕುಗಳು ವಾದಿಸಿದವು. ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿ 1988ರಲ್ಲಿ ಸಂಗ್ರಾಹಕರ ಪರವಾಗಿ ತೀರ್ಪು ಕೊಟ್ಟಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 2001ರಲ್ಲಿ ಅದು ಸಂಗ್ರಾಹಕರೂ ಕಾರ್ಮಿಕರೇ ಎಂದು ಎತ್ತಿಹಿಡಿಯಿತು. ವಿಚಿತ್ರ ನೋಡಿ. ಅವನನ್ನು ಕಾನೂನು ಗುರುತಿಸಿದ ಹೊತ್ತಿಗೆ ಬ್ಯಾಂಕಿಗೆ ಅವನು ಬೇಡವಾಗತೊಡಗಿದ್ದ. ಇಂದು ಅವನು ಹೆಚ್ಚಾಗಿ ಕಾಣಸಿಗುವುದು ಸಹಕಾರಿ ಸಂಘಗಳಲ್ಲಿ, ಕೈಯಲ್ಲಿ ಪುಟ್ಟ ಯಂತ್ರ ಹಿಡಿದುಕೊಂಡು.

ಬಾಗಿಲಿಗೆ ಹೋಗುವುದನ್ನು ಬಿಟ್ಟ ಬ್ಯಾಂಕುಗಳಿಗೆ ಬಾಗಿಲಿಗೆ ಹೋಗಲೇಬೇಕಾದ ಅನಿವಾರ್ಯ ಮತ್ತೆ ಬಂತು. 2006ರಲ್ಲಿ ರಿಸರ್ವ್ ಬ್ಯಾಂಕು, ಬ್ಯಾಂಕಿನ ಪರವಾಗಿ ಹಳ್ಳಿಗಳಲ್ಲಿ ಕೆಲಸ ಮಾಡುವ ಪ್ರತಿನಿಧಿಗಳನ್ನು ನೇಮಿಸಲು ಅನುಮತಿ ಕೊಟ್ಟಿತು. 2014ರ ಜನಧನ ಯೋಜನೆಯ ನಂತರ ಕೋಟ್ಯಂತರ ಬಡವರಿಗೆ ಖಾತೆಗಳಾದವು. ಈ ಪ್ರತಿನಿಧಿ ಪಿಗ್ಮಿಯವನ ಮೊಮ್ಮಗನೇ ಸರಿ. ಅವನೂ ಕಮಿಷನ್ ಮೇಲೆ ದುಡಿಯುತ್ತಾನೆ. ಆದರೆ ಅಜ್ಜ ಗ್ರಾಹಕನನ್ನು ಮುಖದಿಂದ ಗುರುತಿಸುತ್ತಿದ್ದ. ಮೊಮ್ಮಗ ಗುರುತಿಸಿದರೂ ಪ್ರಯೋಜನವಿಲ್ಲ, ಯಂತ್ರ ಗುರುತಿಸಬೇಕು.

ಇಲ್ಲಿ ಹೆಬ್ಬೆಟ್ಟಿನ ಕತೆ ಹೇಳಬೇಕು. ಹಿಂದೆ ಓದು ಬಾರದ ಹೆಂಗಸು ಬ್ಯಾಂಕಿಗೆ ಬಂದರೆ ನೀಲಿ ಶಾಯಿಯಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದಳು. ಆ ಗುರುತನ್ನು ಯಾರೂ ಭೂತಗನ್ನಡಿ ಹಿಡಿದು ನೋಡುತ್ತಿರಲಿಲ್ಲ. ಗುಮಾಸ್ತ ಅವಳನ್ನು ನೋಡುತ್ತಿದ್ದ, ಪುಸ್ತಕದಲ್ಲಿದ್ದ ಫೋಟೋ ನೋಡುತ್ತಿದ್ದ, 'ಮಗಳಿಗೆ ಗುಣವಾಯಿತಾ' ಎಂದು ಕೇಳಿ ಹಣ ಕೊಡಿಸುತ್ತಿದ್ದ. ಹೆಬ್ಬೆಟ್ಟು ನೆಪ, ಪರಿಚಯವೇ ಸಾಕ್ಷಿ. ಈಗ ಅದೇ ಹೆಬ್ಬೆಟ್ಟನ್ನು ಗಾಜಿನ ಮೇಲಿಡಬೇಕು. ಬದುಕಿಡೀ ಬೀಡಿ ಕಟ್ಟಿದ, ಕಲ್ಲು ಹೊತ್ತ, ಪಾತ್ರೆ ತಿಕ್ಕಿದ ಬೆರಳುಗಳ ಗೆರೆಗಳು ಸವೆದುಹೋಗಿರುತ್ತವೆ. ಯಂತ್ರ ಕೆಂಪು ದೀಪ ತೋರಿಸುತ್ತದೆ. ಒರೆಸಿ ಇಡುತ್ತಾಳೆ, ಇನ್ನೊಂದು ಬೆರಳು ಇಡುತ್ತಾಳೆ. ದುಡಿದದ್ದಕ್ಕೆ ಸಾಕ್ಷಿಯಾಗಬೇಕಾದ ಬೆರಳೇ ದುಡಿದ ಹಣವನ್ನು ಕೊಡಿಸಲಾರದೆ ಹೋಗುತ್ತದೆ. ಎದುರಿಗೆ ಕೂತ ಯುವಕನಿಗೆ ಇವಳು ಇವಳೇ ಎಂದು ಚೆನ್ನಾಗಿ ಗೊತ್ತು. ಆದರೆ ಅವನಿಗೆ ಗೊತ್ತಿರುವುದಕ್ಕೆ ಈ ವ್ಯವಸ್ಥೆಯಲ್ಲಿ ಬೆಲೆಯಿಲ್ಲ.

ನಮ್ಮ ಮಾತು ಇಷ್ಟೇ. ಲೆಡ್ಜರು ಮರಳಿ ಬರಬೇಕೆಂದು ಯಾರೂ ಕೇಳಲಾರರು, ನಾವೂ ಕೇಳುವುದಿಲ್ಲ. 2016ರಲ್ಲಿ ಬಂದ ಯುಪಿಐ ಇಂದು ಎಳನೀರು ಮಾರುವವನ ಗಾಡಿಯ ಮೇಲೂ ಇದೆ, ಅದರಿಂದ ಅವನಿಗೆ ಉಪಕಾರವೇ ಆಗಿದೆ. ಆದರೆ ಒಂದು ಸಂಸ್ಥೆ ತನ್ನ ಯಂತ್ರವನ್ನು ಬದಲಾಯಿಸುವಾಗ, ಹಳೆಯ ತಲೆಮಾರನ್ನು ಮನೆಗೆ ಕಳಿಸುವಾಗ, ಅವರ ಕೈಯಲ್ಲಿದ್ದ ಎರಡು ಸಂಗತಿಗಳನ್ನು ಕೇಳಿ ಪಡೆಯಬೇಕಿತ್ತು. ಒಂದು, ಪಕ್ಕದವನನ್ನು ನಂಬುತ್ತಲೇ ಅವನ ಲೆಕ್ಕವನ್ನು ನೋಡುವ ಶಿಸ್ತು. ಇನ್ನೊಂದು, ನಿಯಮಕ್ಕೆ ಹೊರತಾಗಿ ಬಂದು ನಿಂತ ಮನುಷ್ಯನಿಗೆ ತನ್ನ ಹೊಣೆಯ ಮೇಲೆ ಒಂದು ದಾರಿ ಮಾಡಿಕೊಡುವ ಧೈರ್ಯ. ಇವೆರಡೂ ತಂತ್ರಾಂಶದಲ್ಲಿ ಇರುವುದಿಲ್ಲ. ಇವನ್ನು ಒಬ್ಬರು ಇನ್ನೊಬ್ಬರಿಗೆ ಕಲಿಸಬೇಕು, ಅದಕ್ಕೆ ಇಬ್ಬರೂ ಒಂದೇ ಕೋಣೆಯಲ್ಲಿ ಕೆಲವು ವರ್ಷವಾದರೂ ಕೂತಿರಬೇಕು.

ಕರಾವಳಿಯಲ್ಲಿ ಹುಟ್ಟಿದ ಆ ಬ್ಯಾಂಕುಗಳ ಹೆಸರುಗಳೂ ಒಂದೊಂದಾಗಿ ಅಳಿದವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆ ಈಗ ನಾಣ್ಯಗಳ ಸಂಗ್ರಹಾಲಯ. ಮೊದಲ ದಿನ ಆ 38 ರೂಪಾಯಿ 13 ಆಣೆ 2 ಪೈಗಳನ್ನು ತಂದಿಟ್ಟವರಿಗೆ ಬ್ಯಾಂಕು ಗೊತ್ತಿರಲಿಲ್ಲ, ಸಾಹೇಬರು ಗೊತ್ತಿದ್ದರು. ಇಂದು ನಮಗೆಲ್ಲರಿಗೂ ಬ್ಯಾಂಕು ಗೊತ್ತಿದೆ. ಕೌಂಟರಿನ ಆಚೆ ನಮ್ಮನ್ನು ಬಲ್ಲವರು ಯಾರಿದ್ದಾರೆ?